ಕುಂಟೆತ್ತಿಗೂ ಒಂದು ಗೋದಲಿ

ಕಾರಹುಣ್ಣಿಮೆಯ ದಿನ ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಸಂಜೆಗೆ ಕರಿ ಹರಿದಾದ ಮೇಲೆ ಉತ್ತರ ಕರ್ನಾಟಕದ ರೈತನ ಮನೆಯು ಬಿತ್ತನೆಯ ಗಡಿಬಿಡಿಯಲ್ಲಿ ಮುಳುಗಿಹೋಗುತ್ತದೆ. ಆ ಗಡಿಬಿಡಿ ತುಸು ತಗ್ಗುವ ಹೊತ್ತಿಗೆ, ಹುಣ್ಣಿಮೆಯಿಂದ ಹದಿನೈದು ದಿನಕ್ಕೆ, ಜ್ಯೇಷ್ಠ ಬಹುಳದ ಅಮಾವಾಸ್ಯೆ ಬರುತ್ತದೆ. ಅಂದಿನ ಪೂಜೆ ಕೊಟ್ಟಿಗೆಯ ಎತ್ತಿಗಲ್ಲ, ಜಗುಲಿಯ ಮೇಲೆ ಕುಳ್ಳಿರಿಸಿದ ಮಣ್ಣಿನ ಎತ್ತಿಗೆ. ಆದ್ದರಿಂದಲೇ ಅದಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಎಂಬ ಹೆಸರು. ಮಣ್ಣಿನಲ್ಲಿ ವರ್ಷವಿಡೀ ದುಡಿಯುವ ಪ್ರಾಣಿಯನ್ನು ಅದೇ ಮಣ್ಣಿನಿಂದ ಮಾಡಿ ಕೈಮುಗಿಯುವ ಈ ಹಬ್ಬದಲ್ಲಿ ಒಕ್ಕಲುತನದ ಕೃತಜ್ಞತೆಯೆಲ್ಲ ಅಡಗಿದೆ.

ನಮ್ಮ ಹಿರಿಯರು ವರ್ಷಕ್ಕೆ ಐದು ಮಣ್ಣಿನ ಪೂಜೆಗಳನ್ನು ಎಣಿಸುವುದುಂಟು. ಜ್ಯೇಷ್ಠದಲ್ಲಿ ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದಲ್ಲಿ ಗಣಪ್ಪ, ಅವನ ಬೆನ್ನಿಗೇ ಜೋಕುಮಾರ. ಈ ಐವರಲ್ಲಿ ಯಾರೂ ಶಾಶ್ವತವಾಗಿ ಮನೆಯಲ್ಲಿ ನಿಲ್ಲುವವರಲ್ಲ. ಮಳೆಗಾಲದ ಹಸಿ ಮಣ್ಣಿನಲ್ಲಿ ಹುಟ್ಟಿ, ನಾಲ್ಕು ದಿನ ಪೂಜೆಗೊಂಡು, ಮತ್ತೆ ನೀರು ಮಣ್ಣುಗಳಿಗೆ ಮರಳುವವರು. ಇವರಲ್ಲಿ ಮೊದಲು ಬರುವ ಮಣ್ಣೆತ್ತು ಮಕ್ಕಳಿಗೆ ಎಲ್ಲರಿಗಿಂತ ಹತ್ತಿರದ್ದು. ಹಿಂದೆ ಹಳ್ಳಿಗಳಲ್ಲಿ ದೊಡ್ಡವರು ಹೊಲಕ್ಕೆ ಹೋದಾಗ ಮಕ್ಕಳು ಕೆರೆಯ ದಂಡೆಯಲ್ಲಿ ಕುಳಿತು ತಮಗೆ ತಿಳಿದಂತೆ ಎತ್ತು, ಗೋದಲಿ, ಬಂಡಿಗಳನ್ನು ಮಾಡಿ ತರುತ್ತಿದ್ದರು. ಅವನ್ನು ಕಲಿಸುವ ಗುರುವೂ ಇರಲಿಲ್ಲ, ಪರೀಕ್ಷಿಸುವವರೂ ಇರಲಿಲ್ಲ.

ಧಾರವಾಡದ ನಮ್ಮ ಓಣಿಯಲ್ಲಿ ಹಲವು ವರ್ಷಗಳಿಂದ ಈ ಹಬ್ಬವು ಮಾರುಕಟ್ಟೆಯ ಹಬ್ಬವಾಗಿತ್ತು. ಸಂತೆಯಲ್ಲಿ ಬಣ್ಣ ಹಚ್ಚಿದ ಜೋಡಿಯೊಂದನ್ನು ಕೊಂಡು ತಂದು, ವಿಭೂತಿ ಧರಿಸಿ, ಹೂವೇರಿಸಿ, ಹೋಳಿಗೆ ಎಡೆಮಾಡಿದರೆ ಮುಗಿಯಿತು. ಮಕ್ಕಳಿಗೆ ಉಳಿದ ಕೆಲಸ ನೋಡುವುದು ಮತ್ತು ಉಣ್ಣುವುದು. 2025ರಲ್ಲಿ ಅಮಾವಾಸ್ಯೆಯು ಜೂನ್ 25ರ ಬುಧವಾರ ಬಂದಿತ್ತು. ಅದಕ್ಕೆ ಮುಂಚೆ ಏಳೆಂಟು ಮನೆಗಳ ತಾಯಂದಿರು ಕೂಡಿ, ಈ ಸಲ ಓಣಿಯ ಎತ್ತುಗಳನ್ನೆಲ್ಲ ಮಕ್ಕಳ ಕೈಯಿಂದಲೇ ಮಾಡಿಸಬೇಕೆಂದು ನಿಶ್ಚಯಿಸಿದರು. ನಾಲ್ಕರಿಂದ ಒಂಬತ್ತು ವರ್ಷದೊಳಗಿನ ಹನ್ನೆರಡು ಮಕ್ಕಳು ಸಿದ್ಧರಾದರು. ಸಿದ್ಧವಿರದಿದ್ದುದು ಮಣ್ಣು ಮಾತ್ರ. ಕೆರೆಗಳು ಹೋಗಿ ಕೆರೆಯ ಹೆಸರಷ್ಟೇ ಉಳಿದ ಬಡಾವಣೆಗಳು ನಮ್ಮ ನಗರಗಳಲ್ಲಿ ಎಷ್ಟಿಲ್ಲ! ಮನೆ ಕಟ್ಟುವ ಜಾಗದಲ್ಲಿ ಸಿಗುವ ಗೊರಚಿನಿಂದ ಎತ್ತು ಏಳುವುದಿಲ್ಲ. ಹಾಗಾಗಿ ಮಣ್ಣಿದ್ದಲ್ಲಿಗೇ ಮಕ್ಕಳನ್ನು ಕರೆದೊಯ್ಯುವುದೆಂದು ತೀರ್ಮಾನಿಸಿ, ಹಬ್ಬಕ್ಕೆ ಮೂರು ದಿನ ಮುಂಚೆ, ಭಾನುವಾರ ಬೆಳಿಗ್ಗೆ ಒಂದು ಟೆಂಪೋ ಗೊತ್ತುಮಾಡಿಕೊಂಡು ಸವದತ್ತಿಯ ದಾರಿ ಹಿಡಿದೆವು.

ಧಾರವಾಡವು ಎರಡು ಸೀಮೆಗಳ ನಡುವಿನ ಹೊಸ್ತಿಲು. ಪಶ್ಚಿಮಕ್ಕೆ ಹೊರಟರೆ ಕೆಂಪು ನೆಲ, ಭತ್ತದ ಗದ್ದೆ, ಮಲೆನಾಡಿನ ಸೆರಗು. ಪೂರ್ವಕ್ಕೂ ಈಶಾನ್ಯಕ್ಕೂ ಹೊರಟರೆ ಗುಡ್ಡಗಳು ಹಿಂದುಳಿದು, ಅಮ್ಮಿನಭಾವಿಯನ್ನು ದಾಟುವಷ್ಟರಲ್ಲಿ ಕಣ್ಣು ಹಾಯುವವರೆಗೂ ಎರೆಭೂಮಿ ಹಾಸಿಕೊಳ್ಳುತ್ತದೆ. ಜೋಳ, ಹತ್ತಿ, ಕಡಲೆಗಳ ಸೀಮೆ ಇದು. ಜೂನ್ ತಿಂಗಳ ಕೊನೆಯಾದ್ದರಿಂದ ಹೆಸರಿನ ಹೊಲಗಳಲ್ಲಿ ಎರಡೆಲೆಯ ಸಾಲುಗಳು ಕರಿಯ ಹಲಗೆಯ ಮೇಲೆ ಹಸಿರು ಬಳಪದಿಂದ ಗೆರೆ ಎಳೆದಂತೆ ಕಾಣುತ್ತಿದ್ದವು. ಮುಂದೆ ಹಾರೋಬೆಳವಡಿಯ ಬಳಿ ತುಪ್ಪರಿಹಳ್ಳ. ಇದರ ಹೆಸರನ್ನೂ, ಇದೇ ಸೀಮೆಯ ಬೆಣ್ಣೆಹಳ್ಳದ ಹೆಸರನ್ನೂ ಕೇಳಿ ಮಕ್ಕಳಿಗೆ ಬಾಯಲ್ಲಿ ನೀರೂರಿತು. ಆದರೆ ಮಳೆ ಹಿಡಿದು ಸುರಿದಾಗ ಈ ಹಳ್ಳಗಳು ಹೊಲಗಳನ್ನೇ ನುಂಗುವಷ್ಟು ಉಕ್ಕುತ್ತವೆ. ಇಳಿದು ಹೋಗುವಾಗ ಅವು ದಂಡೆಯಲ್ಲಿ ಬಿಟ್ಟುಹೋಗುವ ನುಣ್ಣನೆಯ ಮೆಕ್ಕಲು ಮಣ್ಣು ನಿಜಕ್ಕೂ ಬೆಣ್ಣೆಯಂತೆಯೇ ಇರುತ್ತದೆ.

ದಾರಿಯಲ್ಲಿ ಬೇಸರವಾಗದಿರಲೆಂದು ಮಕ್ಕಳಿಗೊಂದು ಆಟ ಹೂಡಿದ್ದೆವು. ಎಡಗಡೆ ಕುಳಿತವರು ಕಾಣಿಸಿದ ಟ್ರ್ಯಾಕ್ಟರುಗಳನ್ನು ಎಣಿಸಬೇಕು, ಬಲಗಡೆಯವರು ಎತ್ತಿನ ಜೋಡಿಗಳನ್ನು. ಎಡಗಡೆಯವರು ಮೂವತ್ತರ ಆಚೆ ಲೆಕ್ಕ ತಪ್ಪಿ ಸುಮ್ಮನಾದರು. ಬಲಗಡೆಯವರಿಗೆ ದಾರಿಯುದ್ದಕ್ಕೂ ಸಿಕ್ಕಿದ್ದು ಎರಡೇ ಜೋಡಿ. ಅವುಗಳಲ್ಲೊಂದು ಬೆಳ್ಳನೆಯ ಖಿಲಾರಿ ಜೋಡಿ. ಉದ್ದನೆಯ ಕೋಡುಗಳನ್ನು ಹಿಂದಕ್ಕೆ ಬಾಗಿಸಿಕೊಂಡು, ಎಡೆಕುಂಟೆ ಎಳೆಯುತ್ತ ಸಾಲು ತಪ್ಪದೆ ನಡೆದಿತ್ತು. ಟೆಂಪೋ ನಿಲ್ಲಿಸಿದೆವು. ಆ ರೈತ ನಗುತ್ತ ಎತ್ತುಗಳನ್ನು ಬದುವಿಗೆ ತಂದು ನಿಲ್ಲಿಸಿದ. ಹನ್ನೆರಡು ಮಕ್ಕಳಲ್ಲಿ ಒಂಬತ್ತು ಮಕ್ಕಳು ಎತ್ತನ್ನು ಮುಟ್ಟಿದ್ದು ಅದೇ ಮೊದಲು. ಮೈಯ ಬಿಸಿ, ಗಂಗೆದೊಗಲಿನ ಮೆದು, ಮೂಗಿನ ತೇವ ಇವೆಲ್ಲ ಅವರ ಬೆರಳಿಗೆ ಹೊಸ ಸುದ್ದಿಗಳಾಗಿದ್ದವು. ಎರೆಭೂಮಿಯ ಭಾರದ ಉಳುಮೆಗೆಂದೇ ಹೆಸರಾದ ಕೃಷ್ಣಾ ತೀರದ ತಳಿಯ ಎತ್ತುಗಳು ಈಗ ತೀರ ವಿರಳವಾಗಿವೆ. ಉಳಿದ ತಳಿಗಳಿಗೂ ಕೊಟ್ಟಿಗೆಗಳು ಕಡಿಮೆಯಾಗುತ್ತಿವೆ. ಟ್ರ್ಯಾಕ್ಟರು ರೈತನ ಬೆವರನ್ನು ಉಳಿಸಿದೆ, ಅದನ್ನು ದೂರುವಂತಿಲ್ಲ. ಆದರೆ ಎತ್ತನ್ನೇ ಕಾಣದ ಮಗು ಎತ್ತಿನ ಹಬ್ಬವನ್ನು ಆಚರಿಸುವ ಕಾಲ ಬಂದಿದೆಯಲ್ಲ ಎಂಬ ಚಿಂತೆ ಆ ಬದುವಿನ ಮೇಲೆ ನಮ್ಮನ್ನು ಕಾಡಿತು.

ನಾವು ತಲುಪಿದ್ದು ಮುಖ್ಯ ರಸ್ತೆಯಿಂದ ಒಳಗಿರುವ ಒಂದು ಚಿಕ್ಕ ಹಳ್ಳಿ. ಪರಿಚಯದವರ ಮೂಲಕ ಮೊದಲೇ ಹೇಳಿಕಳಿಸಿದ್ದರಿಂದ ಕುಂಬಾರರ ಮನೆಯ ಅಂಗಳವನ್ನು ಸಾರಿಸಿ ಚಾಪೆ ಹಾಸಿದ್ದರು. ಮನೆಯ ಹಿರಿಯ ತಾಯಿಗೆ ಎಪ್ಪತ್ತು ದಾಟಿದ ವಯಸ್ಸು. ಹಿಂದೆ ಅಮಾವಾಸ್ಯೆಗೆ ವಾರವಿರುವಾಗಲೇ ಎತ್ತುಗಳನ್ನು ಬುಟ್ಟಿಗಟ್ಟಲೆ ಮಾಡಿ, ಮನೆಮನೆಗೆ ಹೊತ್ತು ಕೊಟ್ಟು, ಸುಗ್ಗಿಯಲ್ಲಿ ಅದಕ್ಕೆ ಆಯದ ಜೋಳ ತರುತ್ತಿದ್ದರಂತೆ. ಈಗ ಆಯ ಕೊಡುವವರೂ ಕಡಿಮೆ, ಬೇಡುವವರೂ ಕಡಿಮೆ. ಹಿತ್ತಲಲ್ಲಿ ಅವರ ಮಗ ಹಸಿ ಗಡಿಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಹಲಗೆಯಿಂದ ಬಡಿದು ಹಿಗ್ಗಿಸುತ್ತಿದ್ದ. ಆ ಸದ್ದಿನ ಲಯಕ್ಕೆ ನಮ್ಮ ಅತಿ ಚಿಕ್ಕ ಸದಸ್ಯೆ, ನಾಲ್ಕರ ಹುಡುಗಿ, ತಾನಾಗಿಯೇ ಕುಣಿಯತೊಡಗಿದಳು. ಕುಂಬಾರ ಗುಂಡಯ್ಯನು ಗಡಿಗೆ ಬಡಿಯುವ ನಾದಕ್ಕೆ ಶಿವನೇ ಇಳಿದು ಬಂದು ಕುಣಿದನೆಂಬ ಕಥೆಯನ್ನು ಹರಿಹರ ಕವಿಯು ತನ್ನ ರಗಳೆಯಲ್ಲಿ ಹೇಳಿದ್ದಾನೆ. ಓದಿ ತಿಳಿದಿದ್ದ ಆ ಕಥೆಯ ನೆಲೆ ಎಲ್ಲಿದೆಯೆಂಬುದು ಆ ಹಿತ್ತಲಲ್ಲಿ ನಮಗೆ ಗೋಚರವಾಯಿತು.

ಮೊದಲ ಪಾಠ ಮಣ್ಣಿನದು. ಹೊಲದ ಎರೆಮಣ್ಣನ್ನು ಹಾಗೆಯೇ ಕಲಸಿದರೆ ಎತ್ತು ನಿಲ್ಲುವುದಿಲ್ಲವೆಂದು ಆ ತಾಯಿ ತೋರಿಸಿಕೊಟ್ಟರು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುವ ಗುಣವೇ ಎತ್ತಿನ ಮೈಯಲ್ಲೂ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಕೆರೆಯ ಮೆಕ್ಕಲಿಗೆ ಸ್ವಲ್ಪ ಹುತ್ತದ ಮಣ್ಣು, ಒಂದು ಹಿಡಿ ಜರಡಿ ಹಿಡಿದ ಬೂದಿ, ಬಿಡಿಸಿದ ಅರಳೆಯ ಎಳೆಗಳನ್ನು ಸೇರಿಸಿ ಹದಮಾಡುತ್ತಾರೆ. ಅರಳೆಯ ಎಳೆಗಳು ಮಣ್ಣಿನ ಕಣಗಳನ್ನು ಒಂದಕ್ಕೊಂದು ಹಿಡಿದಿಡುತ್ತವೆ. ಬೆರಳಿಗೆ ಸುತ್ತಿದ ಮಣ್ಣಿನ ಸುರುಳಿ ಬಿರಿಯದೆ ಉಳಿದರೆ ಹದ ಬಂದಿತೆಂದು ಅರ್ಥ. ಇದನ್ನು ಮಕ್ಕಳು ಎಷ್ಟು ಬೇಗ ಕಲಿತರೆಂದರೆ, ಪ್ರತಿಯೊಬ್ಬರ ಬೆರಳಿಗೂ ಐದು ನಿಮಿಷದಲ್ಲಿ ಮಣ್ಣಿನ ಉಂಗುರಗಳು ಬಂದವು.

ಕೆಲಸವನ್ನು ಹಂಚಿದ ರೀತಿಯಲ್ಲಿಯೇ ಆ ತಾಯಿಯ ಜಾಣ್ಮೆ ಇತ್ತು. ಹೆಂಟೆ ಒಡೆದು ಕಲ್ಲು ಆರಿಸುವುದು ಎಲ್ಲರ ಪಾಲು. ಮಣ್ಣು ತುಳಿಯುವುದೂ ಎಲ್ಲರ ಪಾಲು, ಅದಕ್ಕೆ ಯಾರಿಗೂ ಎರಡು ಸಲ ಹೇಳಬೇಕಾಗಲಿಲ್ಲ. ಆಮೇಲೆ ನಾಲ್ಕೈದು ವರ್ಷದವರಿಗೆ ಉಂಡೆ ಕಟ್ಟುವ ಕೆಲಸ. ಅವರು ಕಟ್ಟಿದ ಚಿಕ್ಕ ಉಂಡೆಯೇ ಎತ್ತಿನ ಹಿಣಿಲು. ಆರೇಳು ವರ್ಷದವರಿಗೆ ದಪ್ಪನೆಯ ಗಿಡ್ಡ ಕಾಲುಗಳು. ಎಂಟೊಂಬತ್ತರವರಿಗೆ ಕೋಡು, ಕಿವಿ, ಬಾಲ. ಒಂದು ಭಾಗವನ್ನು ಇನ್ನೊಂದಕ್ಕೆ ಕೂಡಿಸುವ ಕಡೆ ಎರಡನ್ನೂ ಕಡ್ಡಿಯಿಂದ ಗೀರಿ, ಗಂಜಿಯಂತೆ ಕಲಸಿದ ಮಣ್ಣನ್ನು ಹಚ್ಚಿ ಒತ್ತುವುದು ದೊಡ್ಡವರ ಕೆಲಸ, ಅದೂ ಮಕ್ಕಳು ಕೇಳಿದರೆ ಮಾತ್ರ. ಕಣ್ಣಿಗೆ ಗುಲಗಂಜಿ ಇಡುವುದು ನಮ್ಮ ಕಡೆಯ ರೂಢಿ. ಆದರೆ ಗುಲಗಂಜಿಯ ಬೀಜ ವಿಷಕಾರಿ. ಅಗಿದು ನುಂಗಿದರೆ ಮಗುವಿನ ಜೀವಕ್ಕೇ ಅಪಾಯ. ಆ ತಾಯಿ ಗುಲಗಂಜಿಯ ಡಬ್ಬಿಯನ್ನು ಗೂಡಿನ ಮೇಲೆ ಎತ್ತರದಲ್ಲಿರಿಸಿ, ಮಕ್ಕಳ ಕೈಗೆ ಜೋಳದ ಕಾಳನ್ನೇ ಕೊಟ್ಟರು. ಬಿಳಿಯ ಜೋಳದ ಕಣ್ಣುಗಳಿಂದ ಎತ್ತುಗಳು ತುಸು ಬೆರಗುಗೊಂಡಂತೆ ಕಂಡವು.

ಇಷ್ಟರಲ್ಲಿ ಒಂದು ಸಣ್ಣ ಪ್ರಸಂಗ ನಡೆಯಿತು. ಆರು ವರ್ಷದ ಹುಡುಗನೊಬ್ಬ ತನ್ನ ಎತ್ತನ್ನು ನಿಲ್ಲಿಸಿದ್ದ. ಅದರ ಮುಂದಿನ ಒಂದು ಕಾಲು ಗಿಡ್ಡ, ಒಂದು ಕೋಡು ಆಕಾಶಕ್ಕೆ, ಇನ್ನೊಂದು ನೆಲಕ್ಕೆ. ನಮ್ಮೊಡನಿದ್ದ ಹಿರಿಯರೊಬ್ಬರು ಪ್ರೀತಿಯಿಂದಲೇ ಅದನ್ನು ಎತ್ತಿಕೊಂಡು, ಕಾಲನ್ನು ಕಿತ್ತು ಸರಿಮಾಡಿಕೊಡಲು ಮುಂದಾದರು. ಹುಡುಗನ ಮುಖ ಬಾಡಿತು, ಆದರೆ ಅವನು ಏನೂ ಹೇಳಲಿಲ್ಲ. ಕುಂಬಾರರ ತಾಯಿ ಮಣ್ಣಿನ ಕೈಯನ್ನೇ ಅಡ್ಡ ಹಿಡಿದರು.

“ಬಿಡ್ರಿ ಯಪ್ಪಾ, ಅದು ಅವನ ಎತ್ತು. ಕುಂಟಿದ್ರ ಏನಾತು? ಕುಂಟೆತ್ತಿಗೂ ಗೋದ್ಲಿ ಬೇಕಲ್ಲ!” ಎಂದರು.

ಆಮೇಲೆ ಮಕ್ಕಳನ್ನೆಲ್ಲ ಸುತ್ತ ಕುಳ್ಳಿರಿಸಿಕೊಂಡು ಅವರು ಹೇಳಿದ ಸಂಗತಿ ನಗರದ ಮನೆಗಳಲ್ಲಿ ಮರೆತೇಹೋಗಿದೆ. ಅಮಾವಾಸ್ಯೆಯ ಮರುದಿನ ಹಳ್ಳಿಯ ಮಕ್ಕಳು ಕಾಲು ಮುರಿದ ಎತ್ತೊಂದನ್ನು ಹಲಗೆಯ ಮೇಲೋ ಬುಟ್ಟಿಯಲ್ಲೋ ಇರಿಸಿ, ಕಾಲಿಗೆ ಗೆಜ್ಜೆ ಕಟ್ಟಿಕೊಂಡು, ಕುಂಟೆತ್ತು ಬಂದಿದೆಯೆಂದು ಸಾರುತ್ತ ಮನೆಮನೆಗೆ ಹೋಗಿ ಜೋಳ ಬೇಡುತ್ತಾರೆ. ಯಾವ ಮನೆಯವರೂ ಇಲ್ಲವೆನ್ನುವುದಿಲ್ಲ. ಕೂಡಿದ ಜೋಳವನ್ನು ಅಂಗಡಿಗೆ ಹಾಕಿ ಮಂಡಕ್ಕಿ, ಬೆಲ್ಲ ಕೊಂಡು ಹಂಚಿ ತಿನ್ನುತ್ತಾರೆ. ನೆಟ್ಟಗಿರುವ ಜೋಡಿಗೆ ಜಗುಲಿಯ ಪೂಜೆ. ಆದರೆ ಊರನ್ನೆಲ್ಲ ತಿರುಗಿ ಕಾಳು ಗಳಿಸಿ ತರುವ ಮಾನ ಕುಂಟೆತ್ತಿಗೇ ಸಲ್ಲುತ್ತದೆ. ಹುಡುಗ ತನ್ನ ಎತ್ತನ್ನು ಮರಳಿ ಪಡೆದು, ಅದರ ಗಿಡ್ಡ ಕಾಲಿನ ಕೆಳಗೆ ಒಂದು ಬಿಲ್ಲೆ ಮಣ್ಣನ್ನು ತಾನೇ ಇಟ್ಟು ನಿಲ್ಲಿಸಿದ. ಹಿರಿಯರೂ ನಕ್ಕು, ಅವನ ಪಕ್ಕದಲ್ಲೇ ಕುಳಿತು ತಮ್ಮದೊಂದು ಎತ್ತು ಮಾಡತೊಡಗಿದರು. ಅದೇನೂ ಹುಡುಗನದಕ್ಕಿಂತ ಮೇಲಾಗಿರಲಿಲ್ಲವೆಂಬುದನ್ನು ಇಲ್ಲಿ ದಾಖಲಿಸಲೇಬೇಕು.

ಮಧ್ಯಾಹ್ನ ರೊಟ್ಟಿ, ಹೆಸರುಕಾಳಿನ ಪಲ್ಯ, ಮಜ್ಜಿಗೆಯ ಊಟವಾದ ಮೇಲೆ ಎಲ್ಲರೂ ಕೂಡಿ ಮಾಡಿದ್ದು ಗೋದಲಿ. ಎತ್ತುಗಳು ಒಬ್ಬೊಬ್ಬರವು, ಆದರೆ ಗೋದಲಿ ಹನ್ನೆರಡು ಮಕ್ಕಳದು. ಒಂದು ಮೊಳ ಉದ್ದ, ಒಂದು ಗೇಣು ಅಗಲ. ಸುರುಳಿಯ ಮೇಲೆ ಸುರುಳಿ ಇಟ್ಟು ಗೋಡೆ ಎಬ್ಬಿಸಬೇಕು, ಒಬ್ಬರ ಸುರುಳಿ ಮುಗಿದಲ್ಲಿ ಇನ್ನೊಬ್ಬರದು ಆರಂಭವಾಗಬೇಕು. ಜಗಳವೂ ಆಯಿತು, ರಾಜಿಯೂ ಆಯಿತು. ಬೇಗ ಮುಗಿಸಬೇಕೆಂಬ ಆತುರ ಮಕ್ಕಳಿಗೆ ಇರಲಿಲ್ಲ, ನಮಗಿತ್ತು. ಸಂಜೆಯ ಮೋಡ ಕವಿಯುವ ಹೊತ್ತಿಗೆ ಇಪ್ಪತ್ತಾರು ಎತ್ತುಗಳೂ ಒಂದು ಗೋದಲಿಯೂ ಹುಲ್ಲು ಹಾಸಿದ ಬುಟ್ಟಿಗಳಲ್ಲಿ ಸಿದ್ಧವಾಗಿದ್ದವು.

ಒಣಗಿಸುವುದಕ್ಕೆ ಮೂರು ದಿನ. ಮಳೆಗಾಲದಲ್ಲಿ ಬಿಸಿಲನ್ನು ನಂಬುವಂತಿಲ್ಲ, ಬಿಸಿಲಿದ್ದರೂ ನೇರವಾಗಿ ಇಡಬಾರದು. ಹೊರಮೈ ಬೇಗ ಒಣಗಿ ಒಳಮೈ ಹಸಿಯಾಗಿ ಉಳಿದರೆ ಬಿರುಕು ಖಂಡಿತ. ನೆರಳಿನಲ್ಲಿ, ತೆಳ್ಳನೆಯ ಅರಿವೆ ಹೊದಿಸಿ, ದಿನಕ್ಕೆರಡು ಸಲ ಮಗ್ಗುಲು ಬದಲಿಸಬೇಕೆಂದು ಆ ತಾಯಿ ಹೇಳಿಕಳಿಸಿದ್ದರು. ಮಕ್ಕಳು ಶಾಲೆಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ತಮ್ಮ ಎತ್ತುಗಳ ಮಗ್ಗುಲು ಬದಲಿಸಿದರು. ಇಷ್ಟು ಜತನ ಮಾಡಿದರೂ ನಾಲ್ಕು ಎತ್ತುಗಳ ಕಾಲು ಬಿದ್ದವು, ಒಂದರ ಕೋಡು ಹೋಯಿತು. ಬೇರೆ ಸಮಯದಲ್ಲಾಗಿದ್ದರೆ ಅಳುವಿನ ಸುರಿಮಳೆಯಾಗುತ್ತಿತ್ತು. ಈಗ ಆದದ್ದು ಪೈಪೋಟಿ. ಯಾರ ಎತ್ತು ಓಣಿಯ ಕುಂಟೆತ್ತಾಗಬೇಕು ಎಂಬುದರ ಮೇಲೆ ಐವರು ಮಕ್ಕಳು ವಾದಕ್ಕಿಳಿದರು. ಅಂಗಳದ ಆ ಆರು ವರ್ಷದ ಹುಡುಗನ ಎತ್ತು ಮಾತ್ರ ಬಿಲ್ಲೆಯ ಬಲದಿಂದ ಗಟ್ಟಿಯಾಗಿ ನಿಂತಿತ್ತು. ಅವನಿಗೆ ಅದೊಂದು ಸಣ್ಣ ನಿರಾಸೆ!

ಬುಧವಾರ ಪ್ರತಿ ಮನೆಯ ಜಗುಲಿಗೂ ಒಂದು ಜೋಡಿ ಏರಿತು. ಮಕ್ಕಳು ದೂರದ ಊರುಗಳಲ್ಲಿರುವುದರಿಂದ ಹಬ್ಬವನ್ನೇ ಕೈಬಿಟ್ಟಿದ್ದ ಇಬ್ಬರು ವೃದ್ಧರ ಮನೆಗೂ ಒಂದು ಜೋಡಿ ಹೋಯಿತು. ಆ ಮನೆಯ ಅಜ್ಜಿ ಎತ್ತುಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, ತವರಿನ ಕೆರೆಯ ಹೆಸರು ಹೇಳಿದರು. ವಿಭೂತಿ, ಹೂವು, ಕೊರಳಿಗೆ ದಾರದ ಗೊಂಡೆ. ಕರಿಗಡುಬು, ಹೋಳಿಗೆಯ ಎಡೆ. ದೊಡ್ಡ ಗೋದಲಿಯನ್ನು ಓಣಿಯ ಮಧ್ಯದ ಮನೆಯ ಪಡಸಾಲೆಯಲ್ಲಿರಿಸಿ, ಕಾಲು ಮುರಿದ ನಾಲ್ಕನ್ನೂ ಕೋಡು ಹೋದ ಒಂದನ್ನೂ ಅದರ ಮುಂದೆ ಸಾಲಾಗಿ ನಿಲ್ಲಿಸಿ, ಎಳೆಯ ಹುಲ್ಲು ಹಾಕಿದರು. ಹಾಗೆ ಮಾಡಬೇಕೆಂದು ನಾವು ಯಾರೂ ಹೇಳಿರಲಿಲ್ಲ.

ಮರುದಿನ ಸಂಜೆ ಐದು ಎತ್ತುಗಳನ್ನೂ ಒಂದೇ ಹಲಗೆಯ ಮೇಲಿಟ್ಟುಕೊಂಡು ಹನ್ನೆರಡು ಮಕ್ಕಳು ಹೊರಟರು. ಕೆಲವು ಮನೆಗಳಲ್ಲಿ ಜೋಳವೇ ಇರಲಿಲ್ಲ. ಅಕ್ಕಿ ಬಂತು, ಗೋಧಿ ಬಂತು, ಹತ್ತು ರೂಪಾಯಿಯ ನೋಟುಗಳೂ ಬಂದವು. ರೊಕ್ಕಕ್ಕೆ ಮಂಡಕ್ಕಿ, ಬೆಲ್ಲ ತಂದರು. ಕಾಳನ್ನು ಏನು ಮಾಡಬೇಕೆಂದು ಕೇಳಿದಾಗ ಒಂಬತ್ತು ವರ್ಷದ ಹುಡುಗಿ, ಅದು ಆಯಿಯ ಆಯವಲ್ಲವೇ ಎಂದಳು. ಆ ಚೀಲ ಮುಂದಿನ ವಾರ ಕುಂಬಾರರ ಮನೆ ಸೇರಿತು. ಎತ್ತುಗಳನ್ನು ನೀರು ತುಂಬಿದ ದೊಡ್ಡ ಗಂಗಾಳದಲ್ಲಿ ಬಿಟ್ಟೆವು. ಸುಡದ ಮಣ್ಣು ರಾತ್ರಿ ಕಳೆಯುವುದರಲ್ಲಿ ಕರಗಿತು. ಆ ರಾಡಿಯನ್ನು ಮಕ್ಕಳು ಬಿಲ್ವಪತ್ರಿ ಗಿಡದ ಬುಡಕ್ಕೆ ಹಾಕಿದರು.

ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಿಂದ ಮಾಡಿದ ಎತ್ತುಗಳು ಹೀಗೆ ಕರಗುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಮೂರ್ತಿ ವಿಸರ್ಜನೆಯ ಕುರಿತು 2010ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿ, 2020ರಲ್ಲಿ ಅವನ್ನು ಪರಿಷ್ಕರಿಸಿದಾಗ ನೈಸರ್ಗಿಕ ಮಣ್ಣಿಗೇ ಮಾನ್ಯತೆ ನೀಡಿತು. ಕಾನೂನಿನ ಮಾತು ಅದಾಯಿತು. ಮನೆಯ ಮಾತು ಇನ್ನೊಂದಿದೆ. ಅಂಗಡಿಯ ಎತ್ತು ಎಷ್ಟೇ ಅಂದವಾಗಿರಲಿ, ಅದರ ಕಾಲು ಮುರಿದರೆ ಮಗು ಅದನ್ನು ಮೂಲೆಗೆಸೆಯುತ್ತದೆ. ತಾನೇ ತುಳಿದ ಮಣ್ಣಿನಿಂದ ತಾನೇ ಮಾಡಿದ ಎತ್ತಿನ ಕಾಲು ಮುರಿದರೆ ಅದಕ್ಕೆ ಹುಲ್ಲು ಹಾಕುತ್ತದೆ. ದುರ್ಬಲರನ್ನು ಕಂಡರೆ ಕರುಣೆಯಿರಬೇಕೆಂದು ನಾವು ಎಷ್ಟು ಬಾರಿ ಬೋಧಿಸಿದರೂ ಹತ್ತದ ಪಾಠವು ಹೀಗೆ ಬೆರಳುಗಳ ಮೂಲಕ ಹತ್ತುತ್ತದೆ.

ಆದುದರಿಂದ ನಮ್ಮ ಓದುಗ ಕುಟುಂಬಗಳಲ್ಲಿ ಒಂದು ವಿನಂತಿ. ಬರುವ ಜ್ಯೇಷ್ಠದಲ್ಲಿ ನಿಮ್ಮ ಓಣಿಯ ಮಕ್ಕಳನ್ನೂ ಕೂಡಿಸಿರಿ. ಹಬ್ಬಕ್ಕೆ ಮೂರು ನಾಲ್ಕು ದಿನ ಮುಂಚೆಯೇ ಮಣ್ಣು ಹೊಂದಿಸಿರಿ, ಸಾಧ್ಯವಾದರೆ ಕುಂಬಾರರ ಅಂಗಳಕ್ಕೇ ಹೋಗಿ ಅವರ ಆಯವನ್ನು ಸಲ್ಲಿಸಿ ತನ್ನಿರಿ. ದಾರಿಯಲ್ಲಿ ಎತ್ತು ಸಿಕ್ಕರೆ ಮುಟ್ಟಿಸಿರಿ. ಕಾಲುಗಳನ್ನು ದಪ್ಪಗೆ ಮಾಡಿಸಿರಿ, ನೆರಳಿನಲ್ಲಿ ಒಣಗಿಸಿರಿ, ಗುಲಗಂಜಿಯನ್ನು ಮಕ್ಕಳ ಕೈಗೆ ಕೊಡಬೇಡಿರಿ. ಮಗುವಿನ ಎತ್ತು ನೆಟ್ಟಗಿಲ್ಲವೆಂದು ನಿಮ್ಮ ಕೈ ತಾನಾಗಿ ಮುಂದಕ್ಕೆ ಹೋದರೆ, ಆ ಕೈಗೆ ಬೇರೊಂದು ಉಂಡೆ ಮಣ್ಣು ಕೊಟ್ಟು ನಿಮ್ಮದೇ ಒಂದು ಎತ್ತು ಮಾಡಿರಿ. ಜಗುಲಿಯ ಮೇಲೆ ಎರಡಕ್ಕೂ ಸ್ಥಳವಿದೆ.